ಬಿಲಿಯರ್ಡ್ಸ್ ಚಾಕಿನ ನೀಲಿ

ಇಲ್ಲಿನ ಲೈಬ್ರರಿಗಳಲ್ಲಿ ಧರ್ಮದ ಪುಸ್ತಕಗಳಿಗೆ 200ರ ಸಾಲು, ಕಲೆಗೆ 700ರ ಸಾಲು. ಡ್ಯೂಯಿ ಅನ್ನೋ ಪುಣ್ಯಾತ್ಮ ಮಾಡಿಟ್ಟು ಹೋದ ವ್ಯವಸ್ಥೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ವ್ಯಾಕರಣ, ಗಣಿತ, ಡಾಕ್ಟರಿಕೆ, ಅಡುಗೆ ಎಲ್ಲ ದಾಟಬೇಕು. ಹಾಗಾದ್ರೆ ದೇವರನ್ನೂ ನಂಬಿ, ಚಿತ್ರವನ್ನೂ ಬರೆದು, ನಮ್ಮ ನಿಮ್ಮ ಹಾಗೆ ಬದುಕಿದ ಮನುಷ್ಯನ ಕಥೆ ಎಲ್ಲಿ ಹುಡುಕೋದು?

ಕೆಲವು ತಿಂಗಳಿಂದ ಎರಡೂ ಕಡೆಯ ಪುಸ್ತಕಗಳನ್ನ ಸೇರಿಸಿ ಓದ್ತಾ ಇದ್ದೀನಿ. ನನ್ನ ತಕರಾರು ಇಷ್ಟೇ: 200ರ ಕಡೆಯವರು ಕಲಾವಿದನನ್ನ ಸಂತ ಮಾಡಿಬಿಡ್ತಾರೆ. ಆತ ಸಾಲ ಮಾಡಿದ್ದು, ಸಿಟ್ಟಾಗಿದ್ದು, ಬಣ್ಣ ಸಿಗದೆ ಒದ್ದಾಡಿದ್ದು ಯಾವುದೂ ಇರಲ್ಲ. 700ರ ಕಡೆಯವರಿಗೆ ನಂಬಿಕೆ ಅಂದ್ರೆ ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬು. ವ್ಯಾನ್ ಗೋನನ್ನೇ ತಗೊಳ್ಳಿ. ಕಿವಿ ಕೊಯ್ದುಕೊಂಡಿದ್ದು ಎಲ್ಲರಿಗೂ ಗೊತ್ತು. ಬೆಲ್ಜಿಯಮ್ಮಿನ ಬೋರಿನಾಜ್ ಕಲ್ಲಿದ್ದಲ ಗಣಿಗಳ ನಡುವೆ ಆತ ಧರ್ಮಪ್ರಚಾರಕನಾಗಿದ್ದ, ಗಣಿ ಕೆಲಸದವರ ಹಾಗೇ ಬದುಕ್ತೀನಿ ಅಂತ ತನ್ನ ಬಟ್ಟೆಬರೆ ಎಲ್ಲ ಕೊಟ್ಟುಬಿಟ್ಟ, ಅದು ಅತಿಯಾಯ್ತು ಅಂತ 1879ರಲ್ಲಿ ಮೇಲಿನವರು ಅವನನ್ನ ಮುಂದುವರಿಸಲಿಲ್ಲ ಅನ್ನೋದು ಎಷ್ಟು ಜನರಿಗೆ ನೆನಪಿದೆ? ತಂದೆ ತೀರಿಕೊಂಡ ವರ್ಷ, ಅಂದ್ರೆ 1885ರಲ್ಲಿ, ಆತ ಅವರ ದೊಡ್ಡ ಬೈಬಲ್ಲನ್ನ ಬಿಚ್ಚಿಟ್ಟು, ಪಕ್ಕದಲ್ಲಿ ಝೋಲಾನ ಸವೆದುಹೋದ ಕಾದಂಬರಿಯೊಂದನ್ನ ಇಟ್ಟು ಚಿತ್ರ ಬರೆದ. 200 ಮತ್ತು 700 (ಝೋಲಾನನ್ನೂ ಲೆಕ್ಕ ಹಾಕಿದ್ರೆ 800) ಒಂದೇ ಮೇಜಿನ ಮೇಲೆ! ಕ್ಯಾಥ್ಲೀನ್ ಪವರ್ಸ್ ಎರಿಕ್ಸನ್ ಅವರ 'ಅಟ್ ಇಟರ್ನಿಟೀಸ್ ಗೇಟ್' (1998) ಇದನ್ನೆಲ್ಲ ಗಂಭೀರವಾಗಿ ತಗೊಂಡ ಪುಸ್ತಕ. ಸ್ವಲ್ಪ ಪ್ರಬಂಧದ ವಾಸನೆ ಇದೆ, ಆದ್ರೂ ಓದಿ.

ಆದ್ರೆ ಈ ಸಲ ಹೇಳಬೇಕಾಗಿರೋದು ಬೇರೆ ಪುಸ್ತಕದ ಬಗ್ಗೆ. ಪೀಟರ್ ಸ್ಟಬ್ಸ್ ಬರೆದ 'ದ ಚಾಂಗಿ ಮ್ಯೂರಲ್ಸ್' (2003). ಚಾಂಗಿ ಅಂದ್ರೆ ನಮಗೆಲ್ಲ ಏರ್‌ಪೋರ್ಟು, ಅಮ್ಮ ಕಳಿಸಿದ ಉಪ್ಪಿನಕಾಯಿ ಡಬ್ಬಿ ಬ್ಯಾಗಲ್ಲಿ ಒಡೆದಿದೆಯೋ ಇಲ್ಲವೋ ಅಂತ ಎದೆ ಡವಗುಟ್ಟೋ ಜಾಗ :-) ಅದೇ ಚಾಂಗಿ 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ಕೈಗೆ ಬಿದ್ದ ಮೇಲೆ ಸಾವಿರಾರು ಯುದ್ಧಕೈದಿಗಳ ಊರಾಯ್ತು. ಅವರಲ್ಲಿ ಸ್ಟ್ಯಾನ್ಲಿ ವಾರೆನ್ ಒಬ್ಬ. ಬ್ರಿಟಿಷ್ ಫಿರಂಗಿ ದಳದವನು. ಸೈನ್ಯ ಸೇರೋ ಮುಂಚೆ ಸಿನಿಮಾ ಪೋಸ್ಟರ್ ಬರೀತಿದ್ದ. ಇಪ್ಪತ್ತರ ಹರೆಯ, ದೇವರಲ್ಲಿ ಗಟ್ಟಿ ನಂಬಿಕೆ.

ಮೊದಲು ಅವನನ್ನ ಬುಕಿತ್ ಬಾತೋಕ್‌ಗೆ ಹಾಕಿದ್ರು. ಹಗಲಿಡೀ ಕೆಲಸ ಏನು ಗೊತ್ತಾ? ಗೆದ್ದ ಜಪಾನೀಯರ ಸ್ಮಾರಕಕ್ಕೆ ದಾರಿ, ಮೆಟ್ಟಿಲು ಮಾಡೋದು. ಅಲ್ಲಿನ ಪುಟ್ಟ ಗರಿ ಹೊದಿಸಿದ ಪ್ರಾರ್ಥನಾ ಜಾಗದಲ್ಲಿ ಪಾದ್ರಿ ಕೇಳಿದರು ಅಂತ ಆಸ್ಬೆಸ್ಟಾಸ್ ಹಾಳೆಯ ಮೇಲೆ ಇದ್ದಿಲಿನಲ್ಲಿ ಯೇಸುವಿನ ಜನನ ಬರೆದ. ಮೇರಿ ಮಲಯ್ ಹೆಂಗಸು! ಇನ್ನೊಂದು ಚಿತ್ರದಲ್ಲಿ ಯೇಸುವಿನ ದೇಹವನ್ನ ಶಿಲುಬೆಯಿಂದ ಇಳಿಸ್ತಾ ಇರೋರು ಸಮವಸ್ತ್ರದ ಸೈನಿಕರು.

ಆಮೇಲೆ ಆಮಶಂಕೆ ಹಿಡೀತು, ಜೊತೆಗೆ ಮೂತ್ರಪಿಂಡದ ತೊಂದರೆ. ಚಾಂಗಿಯ ರಾಬರ್ಟ್ಸ್ ಬ್ಯಾರಕ್ಸ್ ಆಗ ಕೈದಿಗಳ ಆಸ್ಪತ್ರೆ. 151ನೇ ಬ್ಲಾಕಿನ ಒಂದು ಕೋಣೆಯನ್ನ ಸೇಂಟ್ ಲ್ಯೂಕ್ ಹೆಸರಲ್ಲಿ ಪ್ರಾರ್ಥನೆಗೆ ಮಾಡಿಕೊಂಡಿದ್ರು. ಆ ಗೋಡೆಗಳಿಗೆ ಚಿತ್ರ ಬರೀತೀಯಾ ಅಂತ ಕೇಳಿದಾಗ ವಾರೆನ್ ಎದ್ದು ನಿಲ್ಲೋ ಸ್ಥಿತಿಯಲ್ಲೂ ಇರಲಿಲ್ಲ. ಆದ್ರೂ ಒಪ್ಪಿಕೊಂಡ. ಕಾಲು ಗಂಟೆ ಬರೆಯೋದು, ಸುಸ್ತಾಗಿ ಕೂರೋದು, ಮತ್ತೆ ಕಾಲು ಗಂಟೆ. ಬಣ್ಣ? ಉಳಿದ ಕೈದಿಗಳು ಎಲ್ಲೆಲ್ಲಿಂದಲೋ ಹೊಂಚಿ ತಂದ ಮಿಲಿಟರಿ ಕಂದು ಬಣ್ಣ, ಒಂಚೂರು ಕಡುಗೆಂಪು, ಬಿಳಿ. ನೀಲಿಗೆ, ಬಿಲಿಯರ್ಡ್ಸ್ ಕೋಲಿನ ತುದಿಗೆ ಉಜ್ಜುವ ಚಾಕಿನ ತುಂಡು. ಬಣ್ಣ ಸಾಲದು ಅಂತಲೇ ದಪ್ಪ ಬ್ರಶ್ಶು, ದೊಡ್ಡ ದೊಡ್ಡ ಗೆರೆ. ನೀಲಿಯನ್ನಂತೂ ಮದುವೆಮನೇಲಿ ತುಪ್ಪ ಬಡಿಸೋ ಹಾಗೆ ಅಲ್ಲಲ್ಲಿ ಸ್ವಲ್ಪ. 1942ರ ಕ್ರಿಸ್ಮಸ್ ಹೊತ್ತಿಗೆ ಮೊದಲ ಚಿತ್ರ ಮುಗೀತು. ಆಮೇಲೆ ನಾಲ್ಕು. ಒಂದೊಂದೂ ಸುಮಾರು ಮೂರು ಮೀಟರ್ ಉದ್ದ. ಇವನು ಇಲ್ಲಿ ಉಳಿದುಕೊಂಡಿದ್ದಾಗ ಇವನ ಜೊತೆಯವರನ್ನ ಥಾಯ್ಲೆಂಡ್-ಬರ್ಮಾ ರೈಲುದಾರಿ ಕೆಲಸಕ್ಕೆ ಕರಕೊಂಡು ಹೋದ್ರು. ಅಲ್ಲಿಂದ ತುಂಬ ಜನ ವಾಪಸ್ ಬರಲಿಲ್ಲ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಶಿಲುಬೆಯ ಚಿತ್ರ. ಈಗ ಚಾಂಗಿ ಚಾಪೆಲ್ ಆಂಡ್ ಮ್ಯೂಸಿಯಂನಲ್ಲಿ (ರಿಪೇರಿ ಮುಗಿಸಿ 2021ರಲ್ಲಿ ಮತ್ತೆ ತೆರೆದಿದ್ದಾರೆ) ಪ್ರತಿಕೃತಿಗಳಿವೆ. ಮೂಲ ಚಿತ್ರಗಳು ಸೇನಾ ಪ್ರದೇಶದ ಒಳಗಿವೆ, ಮನಸ್ಸು ಬಂದಾಗ ಹೋಗಿ ನೋಡೋಕಾಗಲ್ಲ. ನಮ್ಮ ಟೀಮಿನ ಒಸಾಕಾದ ಹುಡುಗನೊಬ್ಬ ಒಂದು ಭಾನುವಾರ ಜೊತೆಗೆ ಬಂದಿದ್ದ. ಸ್ಕೂಲಲ್ಲಿ ಇದನ್ನೆಲ್ಲ ಎರಡು ಸಾಲಲ್ಲಿ ಮುಗಿಸಿದ್ರು ಅಂದ. ಆ ಚಿತ್ರದ ಮುಂದೆ ತುಂಬ ಹೊತ್ತು ನಿಂತು, ಕೊನೆಗೆ ಮೆಲ್ಲಗೆ ಕೇಳಿದ, "ಇದರಲ್ಲಿ ನಮ್ಮವರು ಯಾರು?"

ಯಾರೂ ಇಲ್ಲ. ಶಿಲುಬೆ ಎತ್ತುತ್ತಾ ಇರೋರು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡ ಗಟ್ಟಿಮುಟ್ಟಾದ ಆಳುಗಳು. ಜಪಾನೀ ಟೋಪಿ ಇಲ್ಲ, ಬೂಟಿಲ್ಲ. ಜೊತೆಗೆ ಬರೆದಿರೋದು ತನ್ನನ್ನ ಕೊಲ್ಲುವವರನ್ನ ಕ್ಷಮಿಸು ಅಂತ ಯೇಸು ಬೇಡಿಕೊಂಡ ಮಾತು. ಯೋಚನೆ ಮಾಡಿ, ಹೊಟ್ಟೆಗಿಲ್ಲ, ಮೈಯಲ್ಲಿ ರಕ್ತವಿಲ್ಲ, ಗೆಳೆಯರು ಸಾಯ್ತಾ ಇದ್ದಾರೆ. ಕೈಯಲ್ಲಿ ಬ್ರಶ್ಶು ಇದೆ, ಮೂರು ಮೀಟರ್ ಗೋಡೆ ಇದೆ, ವೈರಿಯ ಮುಖ ಬರೆದು ಸೇಡು ತೀರಿಸ್ಕೋಬಹುದಿತ್ತು. ಕಾವಲಿನವರಿಗೆ ಹೆದರಿ ಬರೀಲಿಲ್ಲ ಅಂತ ವಾದ ಮಾಡಬಹುದು. ಹೆದರಿಕೆ ಒಂದೇ ಆಗಿದ್ರೆ ಆ ಕ್ಷಮೆಯ ಮಾತು ಬರೆಯೋ ಅಗತ್ಯ ಏನಿತ್ತು? ನಾನು ಕ್ರೈಸ್ತನಲ್ಲ, ಅಷ್ಟೊಂದು ದೈವಭಕ್ತನೂ ಅಲ್ಲ. ಆದ್ರೆ ಇಲ್ಲಿ ನಂಬಿಕೆಯನ್ನ ಬಿಟ್ಟು ಚಿತ್ರಕಲೆಯ ಮಾತಾಡಿದ್ರೆ ಏನೂ ಅರ್ಥವಾಗಲ್ಲ.

ಹಾಗಂತ ಆತ ಎಲ್ಲ ಮರೆತು ಶಾಂತಮೂರ್ತಿ ಆಗಿಬಿಟ್ಟ ಅನ್ನೋ ಹಾಗೂ ಇಲ್ಲ. ಆ ಕೋಣೆ ಆಮೇಲೆ ಉಗ್ರಾಣವಾಯ್ತು, ಚಿತ್ರಗಳ ಮೇಲೆ ಡಿಸ್ಟೆಂಪರ್ ಬಳಿದರು, ಬಾಗಿಲು ಮಾಡೋಕೆ ಗೋಡೆ ಒಡೆದು ಐದನೇ ಚಿತ್ರದ ಕೆಳಭಾಗವೇ ಹೋಯ್ತು. ಎಲ್ಲ ನಾಶವಾಯ್ತು ಅಂತ ವಾರೆನ್ ಅಂದುಕೊಂಡಿದ್ದ. 1958ರಲ್ಲಿ ಬ್ರಿಟಿಷ್ ವಾಯುಪಡೆಯವರಿಗೆ ಸುಣ್ಣದಡಿಯಲ್ಲಿ ಚಿತ್ರಗಳು ಸಿಕ್ಕಿದವು. ಬರೆದವನು ಯಾರು? ಉತ್ತರ ಸಿಕ್ಕಿದ್ದು ವಾಯುಪಡೆಯ ಲೈಬ್ರರಿಯಲ್ಲಿದ್ದ, ಮಲಯಾದ ಸೆರೆಶಿಬಿರಗಳ ಚರ್ಚುಗಳ ಬಗೆಗಿನ ಒಂದು ಪುಸ್ತಕದಲ್ಲಿ. ಅಂದ್ರೆ ನಾನು ಮೇಲೆ ಬೈದ 200ರ ಸಾಲೇ ಕಲಾವಿದನ ಹೆಸರು ಉಳಿಸಿತ್ತು, ತಕರಾರು ಅಷ್ಟರ ಮಟ್ಟಿಗೆ ವಾಪಸ್! 1959ರಲ್ಲಿ ಪತ್ತೆಯಾದಾಗ ಆತ ಲಂಡನ್ನಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಂದು ಸರಿಮಾಡಿಕೊಡಿ ಅಂದ್ರೆ ಒಪ್ಪಲಿಲ್ಲ. ಮರೆಯೋಕೆ ಅಂತಲೇ ವರ್ಷಗಟ್ಟಲೆ ಕಷ್ಟಪಟ್ಟಿದ್ದವನು. ಕೊನೆಗೆ 1963ರಲ್ಲಿ ಬಂದ. ಆಮೇಲೆ ಇನ್ನೆರಡು ಸಲ. ತೀರಿಕೊಂಡಿದ್ದು 1992ರಲ್ಲಿ. ವೈರಿಯನ್ನ ಕ್ಷಮಿಸೋ ಚಿತ್ರವನ್ನ ಕೆಲವೇ ತಿಂಗಳಲ್ಲಿ ಬರೆದವನಿಗೆ ಅದನ್ನ ಮತ್ತೆ ಕಣ್ಣಾರೆ ನೋಡೋಕೆ ಇಪ್ಪತ್ತು ವರ್ಷ ಬೇಕಾಯ್ತು. ಈ ಭಾಗವನ್ನ ಭಕ್ತಿ ಪುಸ್ತಕದವರಾಗಿದ್ರೆ ಒಂದು ಪ್ಯಾರಾದಲ್ಲಿ ಮುಗಿಸ್ತಿದ್ರೇನೋ.

ಸುರತ್ಕಲ್ಲಿನಲ್ಲಿ ಓದ್ತಿದ್ದಾಗ ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಹೋಗ್ತಿದ್ದೆವು. 1899ರಿಂದ ಮೂರು ವರ್ಷ ಗೋಡೆ, ಸೂರು ಒಂದೂ ಬಿಡದೆ ಬರೆದ ಇಟಲಿಯ ಆಂಟೋನಿಯೋ ಮೊಸ್ಕೇನಿ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಚಿತ್ರ ನೋಡಿ ಬಾಯಿ ಬಿಟ್ಟವರಲ್ಲಿ ಆ ಮನುಷ್ಯನ ಬಗ್ಗೆ ಕೇಳಿದವರು ಕಡಿಮೆ, ನಾವೂ ಚಾಪೆಲ್ ನೋಡಿ ಐಸ್‌ಕ್ರೀಮ್ ತಿನ್ನೋಕೆ ಓಡಿದವರೇ. ಅವನ ಬದುಕನ್ನ ಸ್ಟಬ್ಸ್ ಥರ ತಾಳ್ಮೆಯಿಂದ ಯಾರಾದ್ರೂ ಕನ್ನಡದಲ್ಲಿ ಬರೆದಿದ್ರೆ ದಯವಿಟ್ಟು ಪುಸ್ತಕದ ಹೆಸರು ತಿಳಿಸಿ, ಊರಿಂದ ತರಿಸ್ಕೋತೀನಿ.

ಮ್ಯೂಸಿಯಂಗೆ ಹೋಗೋರಿಗೆ: ತಾನಾ ಮೆರಾ ಸ್ಟೇಷನ್ನಿನಿಂದ 2ನೇ ನಂಬರ್ ಬಸ್ಸು. ಮುಂದಿನ ಸಲ ನಮ್ಮ ಬೆಂಗಳೂರಿನ ಹತ್ತಿರ ಸಿಲ್ವೆಪುರದಲ್ಲಿ ನೆಲೆ ನಿಂತ ಕಲಾವಿದ ಜ್ಯೋತಿ ಸಾಹಿಯವರ 'ದ ಚೈಲ್ಡ್ ಆಂಡ್ ದ ಸರ್ಪೆಂಟ್' (1980). ಅರ್ಧ ಓದಿದ್ದೀನಿ.