ಇಳಿದ ನೆಲ, ಕೇಳಿದ ಮಾತು

ಕ್ರಿಪ್ಟಾನ್ ಗ್ರಹ ಸಿಡಿದು ಚೂರಾಗುವ ಮುನ್ನ ತಂದೆ ತಾಯಿ ತಮ್ಮ ಹಸುಗೂಸನ್ನು ಪುಟ್ಟ ರಾಕೆಟ್ಟಿನಲ್ಲಿ ಮಲಗಿಸಿ ಭೂಮಿಯತ್ತ ಕಳಿಸುತ್ತಾರೆ. ಅದು ಬಂದು ಇಳಿಯುವುದು ಅಮೆರಿಕದ ಕಾನ್ಸಾಸ್‌ನಲ್ಲಿ. ಕೆಂಟ್ ಎಂಬ ರೈತ ದಂಪತಿ ಮಗುವನ್ನು ಎತ್ತಿಕೊಂಡು ಸಾಕುತ್ತಾರೆ. ಅವನೇ ಸೂಪರ್‌ಮ್ಯಾನ್. ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಗೆಳೆಯರು ಸೃಷ್ಟಿಸಿದ ಈ ಪಾತ್ರ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಿತು.

ಆದರೆ ಆ ರಾಕೆಟ್ಟು ಬೇರೆಲ್ಲೋ ಇಳಿದಿದ್ದರೆ? ಈ ಪ್ರಶ್ನೆಯನ್ನು ಕಾಮಿಕ್ಸ್ ಬರೆಯುವವರೇ ಕೇಳಿಕೊಂಡರು. ಒಂದಕ್ಕಿಂತ ಹೆಚ್ಚು ಭೂಮಿಗಳಿವೆ ಎಂಬ ಕಲ್ಪನೆಗೆ ಡಿಸಿ ಕಾಮಿಕ್ಸ್‌ನಲ್ಲಿ ತಳಹದಿ ಹಾಕಿದ್ದು 1961ರ ‘ಫ್ಲ್ಯಾಶ್’ ಕಥೆ. ಮೊದಮೊದಲು ಅದು ಹಳೆಯ ನಾಯಕರಿಗೊಂದು, ಹೊಸಬರಿಗೊಂದು ಭೂಮಿ ಹಂಚಿಕೊಡುವ ಉಪಾಯವಾಗಿತ್ತು. ‘ಎರಡನೇ ಭೂಮಿ’ಯ ಸೂಪರ್‌ಮ್ಯಾನ್‌ಗೆ ಕಿವಿಯ ಪಕ್ಕದ ಕೂದಲು ನರೆತಿತ್ತು, ಲೋಯಿಸ್ ಲೇನ್ ಜೊತೆ ಮದುವೆಯೂ ಆಗಿತ್ತು. ವ್ಯತ್ಯಾಸ ಅಷ್ಟೇ. ಮುಂದೆ ಬಂದ ಕಥೆಗಳು ಮಾತ್ರ ಅವನ ಸ್ವಭಾವಕ್ಕೇ ಕೈ ಹಾಕಿದವು.

1993ರ ‘ಸ್ಪೀಡಿಂಗ್ ಬುಲೆಟ್ಸ್’ ಕಥೆಯಲ್ಲಿ ಮಗು ಸಿಗುವುದು ಗಾಥಮ್ ನಗರದ ಶ್ರೀಮಂತ ವೇಯ್ನ್ ದಂಪತಿಗೆ. ಸಾಕಿದವರು ಕಣ್ಣೆದುರೇ ಕಳ್ಳನ ಗುಂಡಿಗೆ ಬಲಿಯಾಗುತ್ತಾರೆ. ಹುಡುಗನಿಗೆ ಮಾತ್ರ ಗುಂಡು ತಾಗುವುದಿಲ್ಲ. ಆ ಸಂಕಟವನ್ನೇ ನುಂಗಿಕೊಂಡು ಬೆಳೆದವನು ಕತ್ತಲಲ್ಲಿ ಅಪರಾಧಿಗಳ ಮೇಲೆ ಎರಗುವ ಬ್ಯಾಟ್‌ಮ್ಯಾನ್ ಆಗುತ್ತಾನೆ. ಅದೇ ಬಲ, ಆದರೆ ಅದರ ತುಂಬ ಸಿಟ್ಟು.

2003ರಲ್ಲಿ ಮಾರ್ಕ್ ಮಿಲ್ಲರ್ ಬರೆದ ‘ರೆಡ್ ಸನ್’ ಇನ್ನೂ ದೂರ ಹೋಗುತ್ತದೆ. ಕೆಲವೇ ಗಂಟೆಗಳ ಅಂತರ, ಅಷ್ಟರಲ್ಲಿ ಭೂಮಿ ತಿರುಗಿ ರಾಕೆಟ್ಟು ಸೋವಿಯತ್ ಉಕ್ರೇನಿನ ಸಾಮೂಹಿಕ ಹೊಲಕ್ಕೆ ಇಳಿಯುತ್ತದೆ. ಎದೆಯ ಮೇಲೆ ‘ಎಸ್’ ಬದಲು ಸುತ್ತಿಗೆ ಕುಡುಗೋಲು. ಈತ ಕೆಟ್ಟವನಲ್ಲ. ಊಟಕ್ಕಾಗಿ ಸಾಲಿನಲ್ಲಿ ನಿಂತವರನ್ನು ಕಂಡು ಮನಸ್ಸು ಕರಗಿಯೇ ಅಧಿಕಾರ ಹಿಡಿಯುತ್ತಾನೆ. ಎಲ್ಲರನ್ನೂ ಎಲ್ಲದರಿಂದಲೂ ಕಾಪಾಡಲು ಹೊರಡುತ್ತಾನೆ. ಅವನಿದ್ದಾನಲ್ಲ ಎಂದು ಜನ ಸೀಟ್‌ಬೆಲ್ಟ್ ಹಾಕುವುದನ್ನೇ ಬಿಡುತ್ತಾರೆ! ಕೊನೆಗೆ ಎದುರಾಡಿದವರ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ಹೇಳಿದಂತೆ ಕೇಳುವ ಯಂತ್ರಗಳನ್ನಾಗಿಸುವವರೆಗೂ ಅವನ ಕಾಳಜಿ ಮುಟ್ಟುತ್ತದೆ.

ಇಷ್ಟನ್ನು ಓದಿದವರು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಎಲ್ಲವೂ ಬೆಳೆಸಿದವರ ಕೈಯಲ್ಲೇ ಇದೆ’ ಎಂದಾರು. ಆದರೆ ಇನ್ನೆರಡು ಕಥೆಗಳು ಈ ಮಾತಿಗೆ ಅಡ್ಡ ಬರುತ್ತವೆ. ಅವೆರಡರಲ್ಲೂ ಇರುವವನು ಕೆಂಟ್ ದಂಪತಿ ಬೆಳೆಸಿದ ಅದೇ ಹುಡುಗ.

1996ರ ‘ಕಿಂಗ್‌ಡಮ್ ಕಮ್’ನಲ್ಲಿ ಜೋಕರ್ ಲೋಯಿಸ್‌ಳನ್ನು ಕೊಲ್ಲುತ್ತಾನೆ. ಅವನನ್ನು ಕೊಂದ ಮೇಗಾಗ್ ಎಂಬವನನ್ನು ಜನ ಕೊಂಡಾಡುತ್ತಾರೆ. ಮನನೊಂದ ಸೂಪರ್‌ಮ್ಯಾನ್ ಹತ್ತು ವರ್ಷ ಹೊಲ ಸೇರುತ್ತಾನೆ. ಮರಳಿದ ಮೇಲೆ ಹಾದಿ ತಪ್ಪಿದ ಹೊಸ ನಾಯಕರಿಗಾಗಿ ಸೆರೆಮನೆ ಕಟ್ಟುತ್ತಾನೆ. 2013ರಲ್ಲಿ ವಿಡಿಯೊ ಗೇಮ್ ಆಗಿಯೂ ಕಾಮಿಕ್ಸ್ ಆಗಿಯೂ ಬಂದ ‘ಇನ್‌ಜಸ್ಟೀಸ್’ನಲ್ಲಿ ಜೋಕರ್‌ನ ಮೋಸಕ್ಕೆ ಸಿಕ್ಕಿ ಗರ್ಭಿಣಿ ಹೆಂಡತಿಯ ಸಾವಿಗೆ ತಾನೇ ಕಾರಣನಾಗುತ್ತಾನೆ. ಆ ದುಃಖದಲ್ಲಿ ಜೋಕರ್‌ನನ್ನು ಕೊಂದು, ಲೋಕವನ್ನೇ ಹತೋಟಿಗೆ ತಂದುಕೊಳ್ಳುವ ಸರ್ವಾಧಿಕಾರಿಯಾಗುತ್ತಾನೆ.

ಹಾಗಾದರೆ ಈ ಸೂಪರ್‌ಮ್ಯಾನ್‌ಗಳಲ್ಲಿ ಒಬ್ಬ ಉಳಿದು ಇನ್ನೊಬ್ಬ ಕೆಡುವುದೇಕೆ? ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಕಾಣುತ್ತದೆ. ಗಾಥಮ್‌ನವನನ್ನು ಕತ್ತಲಿಂದ ಹೊರಗೆ ಕರೆದದ್ದು ಲೋಯಿಸ್‌ಳ ಮಾತು. ‘ಕಿಂಗ್‌ಡಮ್ ಕಮ್’ನ ಕೊನೆಯಲ್ಲಿ ಕೋಪದಿಂದ ವಿಶ್ವಸಂಸ್ಥೆಯ ಕಟ್ಟಡವನ್ನೇ ಕೆಡವಹೊರಟವನನ್ನು ತಡೆದದ್ದು ಯಾವ ಶಕ್ತಿಯೂ ಇಲ್ಲದ ಒಬ್ಬ ಮುದಿ ಪಾದ್ರಿ. ‘ರೆಡ್ ಸನ್’ನವನ ಬಳಿ ಗಾಜಿನ ಸೀಸೆಯಲ್ಲಿ ಕುಗ್ಗಿಹೋದ ನಗರವೊಂದಿತ್ತು. ಇಡೀ ಲೋಕವನ್ನೇ ಸೀಸೆಗೆ ಹಾಕಿಬಿಡಬಾರದೇಕೆ ಎಂದು ಕೇಳಿದ ಶತ್ರು ಲೂಥರ್‌ನ ಒಂದು ಸಾಲಿನ ಚೀಟಿ ಅವನ ಕೈ ಕಟ್ಟಿಹಾಕಿತು. ಶತ್ರುವಿನ ಮಾತಾದರೂ ನಿಜವೆಂದು ತೋರಿದಾಗ ಒಪ್ಪಿ ಹಿಂದೆ ಸರಿದ. ‘ಇನ್‌ಜಸ್ಟೀಸ್’ನವನಿಗೆ ಹಳೆಯ ಗೆಳೆಯ ಬ್ಯಾಟ್‌ಮ್ಯಾನ್ ಎಷ್ಟು ಹೇಳಿದರೂ ಕೇಳಿಸಲಿಲ್ಲ.

ಬೆಳೆಸಿದ ಮನೆ ಮುಖ್ಯವೇ. ಆದರೆ ಅಲ್ಲಿಂದ ಮಗು ಕಲಿತು ಹೋಗಬೇಕಾದದ್ದು ‘ನೀನು ಮಾಡುತ್ತಿರುವುದು ಸರಿಯಲ್ಲ’ ಎಂಬ ಮಾತಿಗೆ ಕಿವಿಗೊಡುವುದನ್ನು. ಹಿರಿಯರು ಕೇಳಿದರಷ್ಟೇ ಕಿರಿಯರೂ ಕೇಳಿಯಾರು. ಪ್ರೀತಿಯ ಹೆಸರಿನಲ್ಲಿ ಮಕ್ಕಳನ್ನು ಸೀಸೆಯಲ್ಲಿಟ್ಟು ಕಾಯುವ ತಂದೆ ತಾಯಿಗೂ ಲೂಥರ್‌ನ ಚೀಟಿ ಸಲ್ಲುತ್ತದೆ.

‘ರೆಡ್ ಸನ್’, ‘ಇನ್‌ಜಸ್ಟೀಸ್’ಗಳಲ್ಲಿ ಹಿಂಸೆ ಹೆಚ್ಚು, ಅವು ಹೈಸ್ಕೂಲು ದಾಟಿದವರಿಗೆ ಸರಿ. ಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡಾಗ ಕಿತ್ತಿಡುವ ಬದಲು, ಯಾವ ಸೂಪರ್‌ಮ್ಯಾನ್ ಇಷ್ಟ, ಯಾಕೆ ಎಂದು ಒಮ್ಮೆ ಕೇಳಿ ನೋಡಬಹುದು.