ಬೇಲಾಪುರಕ್ಕೂ ಎರಡು ಗಂಟೆ ಕೊಡಿ

ಗ್ರೀಸಿನ ಕಡಲ ದಂಡೆಯ ಊರು ಥೆಸಲೊನೀಕಿ. ಅಲ್ಲಿಗೆ ಹೋದ ಪ್ರವಾಸಿಗರೆಲ್ಲ ಒಂದು ಪುಟ್ಟ ನಡಿಗೆ ಮಾಡುತ್ತಾರೆ. ದಂಡೆಯ ಬಿಳಿ ಗೋಪುರದಿಂದ ಹೊರಟು, ನೀರನ್ನು ಎಡಕ್ಕಿಟ್ಟುಕೊಂಡು, ಅರಿಸ್ಟಾಟಲನ ಹೆಸರಿನ ಚೌಕದವರೆಗೆ. ದೂರ ಒಂದು ಕಿಲೋಮೀಟರಿಗಿಂತ ಹೆಚ್ಚೇನಿಲ್ಲ. ಇನ್ನಷ್ಟು ಉತ್ಸಾಹವಿದ್ದರೆ ಒಳಗಿನ ಬೀದಿಗಳಿಗೆ ಹೊರಳಿ, ಒಮ್ಮೆ ಚರ್ಚಾಗಿ ಮತ್ತೊಮ್ಮೆ ಮಸೀದಿಯಾಗಿ ಬಾಳಿದ ರೋಮನ್ ಕಾಲದ ವೃತ್ತಾಕಾರದ ಕಟ್ಟಡವನ್ನು ನೋಡುತ್ತಾರೆ. ಎರಡು ಗಂಟೆಯಲ್ಲಿ ನಡಿಗೆ ಮುಗಿಯುತ್ತದೆ, ಊರು ಮನಸ್ಸಿನಲ್ಲಿ ಉಳಿಯುತ್ತದೆ.

ಆ ಊರಿನ ಬಗ್ಗೆ ಪ್ರವಾಸಿಗರು ಹೆಚ್ಚಾಗಿ ಗಮನಿಸದ ಸಂಗತಿಯೊಂದಿದೆ. ಅವರು ನಡೆಯುವ ಆ ಚಂದದ ಬೀದಿಗಳು ಪುರಾತನವಲ್ಲ. 1917ರ ಬೆಂಕಿಯಲ್ಲಿ ಊರಿನ ನಡುಭಾಗ ಸುಟ್ಟುಹೋದ ಮೇಲೆ ಎರ್ನೆಸ್ಟ್ ಎಬ್ರಾರ್ ಎಂಬ ಫ್ರೆಂಚ್ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಕಾಗದದ ಮೇಲೆ ಹೊಸ ನಕ್ಷೆ ಬರೆದು ಕಟ್ಟಿದ್ದು ಅವು. ಅಂದರೆ ಯೋಜನೆ ಹಾಕಿ ಕಟ್ಟಿದ ಊರಿನಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ ಎಂಬ ಮಾತು ಸುಳ್ಳು. ಈ ಸುಳ್ಳನ್ನು ಅತಿ ಹೆಚ್ಚು ನಂಬಿದವರು ನವಿಮುಂಬಯಿಯ ಜನ, ಅದರಲ್ಲೂ ಅಲ್ಲಿ ನೆಲೆಸಿದ ಕನ್ನಡಿಗರು.

ಉಡುಪಿಯಿಂದಲೋ ಕಲಬುರಗಿಯಿಂದಲೋ ನೆಂಟರು ಬಂದರೆ ಬೇಲಾಪುರದ ಕನ್ನಡ ಮನೆಗಳಲ್ಲಿ ಪಟ್ಟಿ ಸಿದ್ಧವಿರುತ್ತದೆ. ಗೇಟ್‌ವೇ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ರಜೆ ಉದ್ದವಿದ್ದರೆ ಲೋಣಾವಳ. ಬೇಲಾಪುರ ಮಾತ್ರ ಆ ಪಟ್ಟಿಯಲ್ಲಿಲ್ಲ. ಅದು ಮಲಗುವ ಊರು, ಬೆಳಿಗ್ಗೆ ಲೋಕಲ್ ಹಿಡಿಯುವ ಊರು. ‘ಇಲ್ಲಿ ಏನಿದೆ ನೋಡೋಕೆ?’ ಎಂಬ ಪ್ರಶ್ನೆಗೆ ಉತ್ತರ ಕೇಳುವ ವ್ಯವಧಾನವೂ ಯಾರಿಗೂ ಇಲ್ಲ. ಉತ್ತರ ಇದೆ. ನಿಲ್ದಾಣದ ಒಂದು ಕಡೆ ಪಾರ್ಸಿಕ್ ಬೆಟ್ಟದ ಬುಡ, ಇನ್ನೊಂದು ಕಡೆ ಪನ್ವೇಲ್ ಖಾಡಿ. ಇವೆರಡರ ನಡುವೆ ನಾಲ್ಕೈದು ಕಿಲೋಮೀಟರಿನಲ್ಲಿ ನಾಲ್ಕೈದು ಶತಮಾನಗಳಿವೆ.

ನಡಿಗೆಯನ್ನು ಬೆಟ್ಟದ ಕಡೆಯಿಂದ ಆರಂಭಿಸುವುದು ಒಳ್ಳೆಯದು. ಸೆಕ್ಟರ್ 8ರಲ್ಲಿ ‘ಆರ್ಟಿಸ್ಟ್ ವಿಲೇಜ್’ ಇದೆ. ಚಾರ್ಲ್ಸ್ ಕೊರಿಯಾ ಎಂಬತ್ತರ ದಶಕದಲ್ಲಿ ರೂಪಿಸಿದ ಬಡಾವಣೆ ಇದು. ಪ್ರಪಂಚದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಇದನ್ನು ಪಾಠವಾಗಿ ಓದುತ್ತಾರೆ, ಎರಡು ಸೆಕ್ಟರ್ ಆಚೆಯ ನಿವಾಸಿಗೆ ಇದರ ಹೆಸರು ಬಸ್ ಸ್ಟಾಪಾಗಿ ಮಾತ್ರ ಗೊತ್ತು. ಇಲ್ಲಿನ ಲೆಕ್ಕ ಸರಳ. ಎಂಟು ಮೀಟರ್ ಉದ್ದಗಲದ ಒಂದು ಅಂಗಳದ ಸುತ್ತ ಏಳು ಮನೆ. ಅಂಥ ಮೂರು ಗುಂಪು ಸೇರಿ ಹನ್ನೆರಡು ಮೀಟರಿನ ದೊಡ್ಡ ಅಂಗಳದ ಸುತ್ತ ಇಪ್ಪತ್ತೊಂದು ಮನೆ. ಹೀಗೆ ಅಂಗಳಕ್ಕೆ ಅಂಗಳ ಕೂಡಿ ಕೇರಿ, ಕೇರಿಗೆ ಕೇರಿ ಕೂಡಿ ಊರು. ಪ್ರತಿ ಮನೆಗೂ ತನ್ನದೇ ತುಂಡು ನೆಲ. ಕೈಯಲ್ಲಿ ದುಡ್ಡು ಬಂದಾಗ ಪಕ್ಕದವರನ್ನು ಕೇಳದೆ ಒಂದು ಕೋಣೆ ಏರಿಸಿಕೊಳ್ಳಬಹುದು. ಹಂಚಿನ ಮಾಡಿನ ಮೊದಲ ಮನೆಗಳಲ್ಲಿ ಎಷ್ಟೋ ಈಗ ಇಲ್ಲ, ಅವುಗಳ ಜಾಗದಲ್ಲಿ ಕಾಂಕ್ರೀಟಿನ ಮಹಡಿಗಳು ಎದ್ದಿವೆ. ಕೆಲವರು ಇದನ್ನು ಸೋಲು ಎನ್ನುತ್ತಾರೆ. ಆದರೆ ಬೆಳೆಯುವುದಕ್ಕೆಂದೇ ಮಾಡಿದ ಮನೆ ಬೆಳೆದರೆ ಅದು ಸೋಲು ಹೇಗಾಗುತ್ತದೆ? ಅಂಗಳಗಳು ಉಳಿದಿವೆಯೇ ಎಂಬುದು ಮುಖ್ಯ. ಉಳಿದಿವೆ. ಸಂಜೆ ಅಲ್ಲಿ ಮಕ್ಕಳು ಆಡುತ್ತಾರೆ, ಮುದುಕರು ಕೂರುತ್ತಾರೆ. ದಕ್ಷಿಣ ಕನ್ನಡದ ಮನೆಯಂಗಳವನ್ನೋ ಉತ್ತರ ಕರ್ನಾಟಕದ ಕಟ್ಟೆಯನ್ನೋ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಂದ ಇಳಿದು ಹೆದ್ದಾರಿಯ ಕಡೆ ಬಂದರೆ ಸರಕಾರದ ಬೇಲಾಪುರ. ಸಿಡ್ಕೋ ಭವನ, ಕೊಂಕಣ ಭವನ, ಬ್ಯಾಂಕುಗಳು. 1970ರಲ್ಲಿ ಹುಟ್ಟಿದ ಸಿಡ್ಕೋ 95 ಹಳ್ಳಿಗಳ ನೆಲದ ಮೇಲೆ ಈ ನಗರವನ್ನು ಬರೆಯಿತು. ಬರೆಯುವಾಗ ಕಾಗದ ಬಿಳಿಯಾಗಿರಲಿಲ್ಲ. ಆಗ್ರಿ ರೈತರ ಗದ್ದೆ, ಉಪ್ಪಿನಗರ, ಕೋಳಿಗಳ ಬಲೆ ಒಣಗುವ ಜಾಗ ಎಲ್ಲವೂ ಅಲ್ಲಿದ್ದವು. ಭೂಮಿಗೆ ನ್ಯಾಯವಾದ ಬೆಲೆ ಕೇಳಿ ದಿ. ಬಾ. ಪಾಟೀಲರ ನಾಯಕತ್ವದಲ್ಲಿ ನಡೆದ ಚಳವಳಿಯ ಮೇಲೆ 1984ರ ಜನವರಿಯಲ್ಲಿ ಉರಣ್ ತಾಲೂಕಿನಲ್ಲಿ ಗೋಲಿಬಾರ್ ಆಯಿತು, ಐವರು ಸತ್ತರು. ಕೊಟ್ಟ ಭೂಮಿಯ ಹನ್ನೆರಡೂವರೆ ಶೇಕಡಾವನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ಬಂದದ್ದು ಆ ಹೋರಾಟದ ಫಲ. ಸೆಕ್ಟರುಗಳ ನೇರ ಗೆರೆಗಳ ನಡುವೆ ಇದ್ದಕ್ಕಿದ್ದಂತೆ ಬೀದಿ ಕಿರಿದಾಗಿ ಸೊಟ್ಟಗಾದರೆ, ಅಲ್ಲಿ ಹಳೆಯ ಗಾವಠಾಣ ಬಂತು ಎಂದರ್ಥ. ನಡೆದು ಹೋಗುವವರ ಕಾಲಿಗೆ ಇದು ತಿಳಿಯುತ್ತದೆ, ರಿಕ್ಷಾದಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ.

ಖಾಡಿಯ ಕಡೆ ಮಹಾನಗರಪಾಲಿಕೆಯ ದೊಡ್ಡ ಗುಮ್ಮಟದ ಕಟ್ಟಡ, ಅದರ ಮುಂದೆ ಎತ್ತರದ ಕಂಬದ ಮೇಲೆ ರಾಷ್ಟ್ರಧ್ವಜ. 2014ರಲ್ಲಿ ತೆರೆದ ಈ ಕಟ್ಟಡದ ಮುಂದೆ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ತುಸು ನಡೆದರೆ ಸಿಗುವ ಬೇಲಾಪುರ ಕೋಟೆಯ ಮುಂದೆ ತೆಗೆಸಿಕೊಳ್ಳುವುದಿಲ್ಲ. ತಪ್ಪು ಜನರದ್ದಷ್ಟೇ ಅಲ್ಲ. ಒಂದು ಬುರುಜು, ಕುಸಿದ ಗೋಡೆಗಳು, ಗಿಡಗಂಟಿ, ಬೇರಿನ ಹಿಡಿತದಲ್ಲಿರುವ ಕಲ್ಲು; ಕೋಟೆಯೆಂದು ಗುರುತು ಹಿಡಿಯಬೇಕಾದರೂ ಯಾರಾದರೂ ಹೇಳಬೇಕು.

ಹೇಳುವವರಿದ್ದರೆ ಹೇಳುವುದಕ್ಕೆ ಬೇಕಾದಷ್ಟಿದೆ. ಹದಿನಾರನೆಯ ಶತಮಾನದಲ್ಲಿ ಇದನ್ನು ಕಟ್ಟಿದವರು ಜಂಜೀರಾದ ಸಿದ್ದಿಗಳು. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳನ್ನು ಬಲ್ಲ ಕನ್ನಡಿಗರಿಗೆ ಹೆಸರು ಹೊಸದಲ್ಲ. ಆಫ್ರಿಕಾದಿಂದ ಬಂದವರಲ್ಲಿ ಕೆಲವರು ಇಲ್ಲಿ ಕೋಟೆ ಆಳಿದರು, ಕೆಲವರು ಅಲ್ಲಿ ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದರು. ಸಿದ್ದಿಗಳಿಂದ ಪೋರ್ಚುಗೀಸರಿಗೆ, 1730ರ ದಶಕದಲ್ಲಿ ಚಿಮಾಜಿ ಅಪ್ಪನ ಮರಾಠಾ ಸೇನೆಗೆ, 1817ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕೋಟೆ ಕೈ ಬದಲಿಸಿತು. ಮರಾಠರ ಬಲವಿರುವ ಜಾಗ ಮತ್ತೆ ಏಳದಿರಲಿ ಎಂದು ಕಂಪನಿ ಇದನ್ನು ಭಾಗಶಃ ಕೆಡವಿತು. ಗೆದ್ದರೆ ಅಮೃತೇಶ್ವರನಿಗೆ ಬಿಲ್ವಪತ್ರೆಯ ಹಾರ ಹಾಕುತ್ತೇನೆಂದು ಚಿಮಾಜಿ ಹರಕೆ ಹೊತ್ತಿದ್ದನಂತೆ, ಆ ‘ಬೇಲ್’ ಎಲೆಯಿಂದಲೇ ಊರು ಬೇಲಾಪುರವಾಯಿತಂತೆ. ಅದಕ್ಕೂ ಹಿಂದಿನ ಹೆಸರು ಶಹಾಬಾಜ್. ಆ ಹೆಸರು ಪಕ್ಕದ ಹಳ್ಳಿಯೊಂದಕ್ಕೆ ಇನ್ನೂ ಅಂಟಿಕೊಂಡಿದೆ.

ಕೋಟೆಯಿಂದ ಘಾರಾಪುರಿ ದ್ವೀಪಕ್ಕೆ, ಅಂದರೆ ಎಲಿಫೆಂಟಾಕ್ಕೆ, ಸುರಂಗವಿದೆ ಎಂದು ಊರವರು ನಂಬುತ್ತಾರೆ. ಸುರಂಗ ಇರಲಿ ಬಿಡಲಿ, ಘಾರಾಪುರಿಗೂ ಕನ್ನಡನಾಡಿಗೂ ಕಡಲಿನ ದಾರಿ ಇತ್ತು. ಇಮ್ಮಡಿ ಪುಲಕೇಶಿ ಹಡಗುಗಳ ದಂಡು ಕಟ್ಟಿಕೊಂಡು ಬಂದು ಪುರಿ ಎಂಬ ಬಂದರನ್ನು ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಇದೇ ಘಾರಾಪುರಿ ಎನ್ನುವ ವಿದ್ವಾಂಸರಿದ್ದಾರೆ. ಇನ್ನೊಂದು ದಿಕ್ಕಿನಲ್ಲಿ, ಬೋರಿವಲಿಯ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳು ಕೊಂಕಣದ ಶಿಲಾಹಾರರ ಒಡೆಯನೆಂದು ಅಮೋಘವರ್ಷನನ್ನು ಹೆಸರಿಸುತ್ತವೆ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ನೃಪತುಂಗನೇ ಆತ. ಇದನ್ನು ಹೇಳುವುದು ಈ ನೆಲ ಕನ್ನಡಿಗರದ್ದೆಂದು ಹಕ್ಕು ಸಾಧಿಸುವುದಕ್ಕಲ್ಲ. ಆ ಜಗಳ ಬೇರೆ ಕಡೆ ಸಾಕಷ್ಟು ನಡೆದಿದೆ. ಯಾವ ಕರಾವಳಿಯೂ ಒಬ್ಬರದ್ದಾಗಿರಲಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸುವುದಕ್ಕೆ.

ನಡಿಗೆ ಮುಗಿಯಬೇಕಾದದ್ದು ನೀರಿನ ಬಳಿ, ದಿವಾಳೆ ಕೋಳಿವಾಡದಲ್ಲಿ. ಬೊಂಬಿಲು, ಸಿಗಡಿ, ಏಡಿ ಮಾರುವ ಹೆಂಗಸರ ಮಾತು ಕೇಳಿದರೆ ಮಲ್ಪೆಯೂ ಕಾರವಾರವೂ ನೆನಪಾಗುತ್ತವೆ. ಆಚೆ ಕಾಂಡ್ಲಾ ಕಾಡು. ಚಳಿಗಾಲದಿಂದ ಬೇಸಗೆಯವರೆಗೆ ಸುತ್ತಮುತ್ತಲಿನ ಜೌಗುಗಳಲ್ಲಿ ಫ್ಲೆಮಿಂಗೊಗಳು. ಠಾಣೆ ಖಾಡಿಗೆ 2022ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿತು. ಕಾಂಡ್ಲಾ ಕಡಿಯುವುದನ್ನು ಮುಂಬಯಿ ಹೈಕೋರ್ಟ್ 2005ರಲ್ಲೇ ತಡೆದು 2018ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಆದರೂ ಮಣ್ಣು ಸುರಿಯುವ ಲಾರಿಗೆ ಕೋರ್ಟಿಗಿಂತ ಹೆಚ್ಚು ಅಂಜಿಕೆ, ದಿನಾ ಅದೇ ದಾರಿಯಲ್ಲಿ ನಡೆದು ನೋಡುವ ಕಣ್ಣುಗಳದ್ದು.

ಈ ಪುಟ್ಟ ನಡಿಗೆಯ ನಿಜವಾದ ಪ್ರಯೋಜನ ಇದೇ. ಜನ ನಡೆಯದ ಜಾಗ ಮೊದಲು ಕಸದ್ದಾಗುತ್ತದೆ, ಆಮೇಲೆ ಬಿಲ್ಡರನದ್ದಾಗುತ್ತದೆ. ಕೋಟೆಯ ಇನ್ನೊಂದು ಗೋಡೆ ಬಿದ್ದರೆ ಬೇಲಾಪುರದ ಎಷ್ಟು ಮನೆಗಳಲ್ಲಿ ಅದು ಸುದ್ದಿಯಾಗುತ್ತದೆ? ನೋಡಿಯೇ ಇರದ ಗೋಡೆ ಬಿದ್ದದ್ದು ಯಾರಿಗೂ ನೋಯುವುದಿಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಫುಟ್‌ಪಾತು ಎಲ್ಲೆಂದರಲ್ಲಿ ಮುಗಿದುಹೋಗುತ್ತದೆ, ಹೆದ್ದಾರಿ ದಾಟುವುದು ಸಾಹಸ, ಮಾರ್ಚಿನ ನಂತರ ಬಿಸಿಲು. ಎಲ್ಲ ನಿಜ. ಹಾಗೆಂದೇ ಇದು ನವೆಂಬರಿನಿಂದ ಫೆಬ್ರವರಿಯ ಬೆಳಗಿನ ನಡಿಗೆ. ಪ್ರವಾಸೋದ್ಯಮ ಬಂದರೆ ಕೋಳಿವಾಡವನ್ನು ಎಬ್ಬಿಸಿ ಕೆಫೆ ಮಾಡುತ್ತಾರೆ, ಕೋಟೆಗೆ ಸಿಮೆಂಟು ಬಳಿದು ಬಣ್ಣದ ದೀಪ ಹಾಕುತ್ತಾರೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈ ಭಯಕ್ಕೆ ಆಧಾರವಿದೆ. ಥೆಸಲೊನೀಕಿಯೇ ಎಚ್ಚರಿಕೆ. 1943ರಲ್ಲಿ ಅಲ್ಲಿಂದ ನಲವತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ನಾಜಿಗಳು ಸಾವಿನ ಶಿಬಿರಕ್ಕೆ ಸಾಗಿಸಿದರು. ಅವರ ಹಳೆಯ ಸ್ಮಶಾನದ ಮೇಲೆ ಇವತ್ತು ವಿಶ್ವವಿದ್ಯಾಲಯವಿದೆ. ಬಿಳಿ ಗೋಪುರದಿಂದ ಚೌಕಕ್ಕೆ ನಡೆಯುವ ಸುಂದರ ದಾರಿ ಈ ಕಥೆಯನ್ನು ತಾನಾಗಿ ಹೇಳುವುದಿಲ್ಲ. ಊರು ತೋರಿಸುವವರು ಹೇಳಬೇಕು. ಬೇಲಾಪುರದ ನಡಿಗೆಯೂ ಹಾಗೆ. ಕೊರಿಯಾರ ಅಂಗಳ ತೋರಿಸಿ 1984ರ ಗೋಲಿಬಾರನ್ನು ಬಿಟ್ಟರೆ ಅದು ಅರ್ಧ ನಡಿಗೆ.

ಇದಕ್ಕೆ ಪಾಲಿಕೆಯ ಟೆಂಡರಿಗಾಗಿ ಕಾಯಬೇಕಾಗಿಲ್ಲ. ನವಿಮುಂಬಯಿಯ ಕನ್ನಡ ಸಂಘಗಳು ವರ್ಷವಿಡೀ ಯಕ್ಷಗಾನ, ಅರಸಿನ ಕುಂಕುಮ, ಸನ್ಮಾನ, ವಿಹಾರಕೂಟ ನಡೆಸುತ್ತವೆ. ವರ್ಷದ ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು, ಬೆಟ್ಟದಿಂದ ಖಾಡಿಗೆ ಕನ್ನಡದಲ್ಲಿ ಒಂದು ನಡಿಗೆ. ಕೊನೆಯಲ್ಲಿ ಯಾವುದಾದರೊಂದು ಉಡುಪಿ ಹೋಟೆಲಿನಲ್ಲಿ ಇಡ್ಲಿ. ಗಾವಠಾಣದ ಹಿರಿಯರೊಬ್ಬರನ್ನು ಕರೆದು ಮರಾಠಿಯಲ್ಲಿ ಮಾತಾಡಿಸಿದರೆ ಇನ್ನೂ ಚೆನ್ನ. ಖರ್ಚು ಒಂದು ಶಾಲು-ಹಾರದಷ್ಟೂ ಆಗದು.

ಬೇಲಾಪುರದಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ‘ನಮ್ಮೂರು’ ಎಂದರೆ ಬೇಸಗೆ ರಜೆಯ ಊರು, ಅಜ್ಜಿಯ ಮನೆ, ದೈವದ ಕೋಲ ಎಂದು ಕಲಿಸಲಾಗಿದೆ. ಅದು ತಂದೆತಾಯಿಯ ಊರು. ಮಕ್ಕಳು ಸೈಕಲ್ ಕಲಿತದ್ದು, ಬಿದ್ದದ್ದು, ಗೆಳೆಯರನ್ನು ಕಂಡುಕೊಂಡದ್ದು ಈ ಸೆಕ್ಟರುಗಳಲ್ಲಿ. ಆ ಊರಿಗೊಂದು ಕಥೆಯಿದೆ ಎಂದು ಅವರಿಗೆ ಅವರ ಮನೆಮಾತಿನಲ್ಲೇ ಹೇಳಿದರೆ ಊರೂ ಅವರದ್ದಾಗುತ್ತದೆ, ಮಾತೂ ಉಳಿಯುತ್ತದೆ.