ಮಂತ್ರಕ್ಕೂ ಒಂದು ಕಟ್ಟಳೆ

ದಾಳವನ್ನು ಕಂಡೊಡನೆ ಜೂಜೆನ್ನುವವರು, ಮಂತ್ರದ ಹೆಸರು ಕೇಳಿದೊಡನೆ ಮೂಢನಂಬಿಕೆಯೆನ್ನುವವರು, ಪರದೇಶದ ಮಾತೊಂದು ಕಿವಿಗೆ ಬಿದ್ದೊಡನೆ ಸಂಸ್ಕೃತಿ ಮುಳುಗಿತೆನ್ನುವವರು, ಈ ಮೂವರೂ ನಮ್ಮಲ್ಲಿ ಬಹುಕಾಲದಿಂದ ಇದ್ದಾರೆ. ಸಾಮಾನ್ಯವಾಗಿ ಇವರು ಒಬ್ಬರ ಮುಖವನ್ನೊಬ್ಬರು ನೋಡುವವರಲ್ಲ. ಈಗ ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಮಾತನ್ನಾಡುತ್ತಿದ್ದಾರೆ. ಅವರನ್ನು ಹೀಗೆ ಕೂಡಿಸಿದ ಪುಣ್ಯ ಒಂದು ಆಟಕ್ಕೆ ಸೇರಬೇಕು.

ಆಟ ಅಮೆರಿಕೆಯದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಅದನ್ನು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಪ್ರಕಟಿಸಿದರು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಪ್ರತಿಯೊಂದು ಪಾತ್ರಕ್ಕೂ ಒಂದು ಹಾಳೆ. ಅದರಲ್ಲಿ ಬಲ, ಚಾಪಲ್ಯ, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣಗಳಿಗೆ ಅಂಕೆಗಳು. 'ನಾನು ಕೋಟೆಯ ಗೋಡೆ ಹತ್ತುತ್ತೇನೆ' ಎಂದು ಪಾತ್ರಧಾರಿ ಹೇಳಿದರೆ, ಹತ್ತಿದನೋ ಬಿದ್ದನೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು, ಅವನ ಅಂಕೆಯೊಡನೆ ಸೇರಿ, ತೀರ್ಮಾನಿಸುತ್ತದೆ. ಇಷ್ಟೇ ಆಟ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ಬಂದು ನನ್ನಲ್ಲಿ ಕನ್ನಡ ಓದುವ ಆರು ಮಂದಿ, ಅವರಲ್ಲಿ ಇಬ್ಬರು ಹುಡುಗಿಯರು, ಈ ಆಟವನ್ನು ತಮ್ಮದಾಗಿ ಮಾಡಿಕೊಂಡರು. ಡ್ರ್ಯಾಗನ್ನನ್ನು ಕೈಬಿಟ್ಟರು. ಭೀಮಾ ನದಿಯ ದಂಡೆಯನ್ನು ರಂಗವಾಗಿಸಿ, ಭಾರತದ ಕಥೆಯನ್ನು ತಂದು, ಅಸ್ತ್ರಕ್ಕೊಂದು ನಿಯಮ, ಮಾಯೆಗೊಂದು ನಿಯಮ, ಕಾಳಗಕ್ಕೊಂದು ನಿಯಮ ಎಂದು ಇನ್ನೂರು ಪುಟದ ನೋಟುಬುಕ್ಕೊಂದನ್ನು ತುಂಬಿಸಿದರು. ಬಿಡುವಿನ ವೇಳೆಯಲ್ಲಿ ಪಡಸಾಲೆಯಲ್ಲಿ ಕೂತು ಆಡುತ್ತಿದ್ದಾಗ ಶಿಸ್ತಿನ ಹೊಣೆ ಹೊತ್ತ ಹಿರಿಯರೊಬ್ಬರು ದಾಳಗಳನ್ನೂ ನೋಟುಬುಕ್ಕನ್ನೂ ಕಸಿದುಕೊಂಡರು. 'ಪುರಾಣವನ್ನು ಜೂಜಿಗೆ ಇಡುತ್ತೀರಾ' ಎಂದರಂತೆ. ಆ ಪ್ರಶ್ನೆಗೆ ಮಕ್ಕಳು ಉತ್ತರ ಕೊಡಲಿಲ್ಲ. ನಾನು ಕೊಡುತ್ತೇನೆ.

ಮೊದಲು ಜೂಜಿನ ಮಾತು. ದಾಳದಿಂದ ಜೂಜಾಗುವುದಿಲ್ಲ, ಪಣದಿಂದ ಆಗುತ್ತದೆ. ಪಣವಿಲ್ಲದೆ ಪಗಡೆ ಆಡುವ ನಮ್ಮ ಅಜ್ಜಿಯರನ್ನು ಜೂಜುಗಾತಿಯರೆಂದು ಯಾರೂ ಕರೆಯಲಿಲ್ಲ. ಧರ್ಮರಾಯನ ಕಥೆಯನ್ನು ಎತ್ತಿ ಹೆದರಿಸುವವರು ಆ ಕಥೆಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಅಲ್ಲಿ ಕೆಟ್ಟದ್ದು ದಾಳವಲ್ಲ, ನಿಯಮ. ಪಣವನ್ನು ಒಡ್ಡುವವನು ದುರ್ಯೋಧನ, ದಾಳ ಎಸೆಯುವವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು ಧರ್ಮರಾಯನೇ ಸಭೆಯಲ್ಲಿ ಎತ್ತಿದ ಆಕ್ಷೇಪವಿದೆ. ಎತ್ತಿದನು, ಆದರೆ ಹಟ ಹಿಡಿಯಲಿಲ್ಲ, ಕೂತು ಆಡಿದನು. ಹದಿಮೂರು ವರ್ಷಗಳ ವನವಾಸ, ಅಜ್ಞಾತವಾಸಗಳಿಗೂ ಹದಿನೆಂಟು ದಿನಗಳ ಯುದ್ಧಕ್ಕೂ ಬಾಗಿಲು ತೆರೆದದ್ದು ನಿಯಮವನ್ನು ಬಲ್ಲವನು ಅದಕ್ಕಾಗಿ ನಿಲ್ಲದೆ ಹೋದ ಆ ಒಂದು ಗಳಿಗೆ.

ಎರಡನೆಯದು ಪರದೇಶದ ಮಾತು. ಇಲ್ಲಿ ಆಕ್ಷೇಪಿಸುವವರ ಪಾಲಿಗೆ ಸಲ್ಲಬೇಕಾದ ಸತ್ಯವೊಂದಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಆಟದ ಪ್ರಕಾಶಕರು 1980ರಲ್ಲಿ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಪುಸ್ತಕ ತಂದರು. ಗ್ರೀಕರ, ಈಜಿಪ್ಟಿನವರ ದೇವತೆಗಳೊಡನೆ ನಮ್ಮ ಇಂದ್ರ, ಅಗ್ನಿ, ವರುಣ, ಯಮರನ್ನೂ ಅದರಲ್ಲಿ ಸೇರಿಸಿ, ಇಂತಿಷ್ಟು ಪೆಟ್ಟು ತಿಂದರೆ ಇವರು ಸಾಯುತ್ತಾರೆಂದು ಅಂಕೆ ಕಟ್ಟಿದರು. ಮನೆಯಲ್ಲಿ ದಿನವೂ ದೀಪ ಹಚ್ಚುವವನಿಗೆ ಇದು ಮುಜುಗರದ ಸಂಗತಿಯೇ ಸರಿ. ಆದರೆ ನಮ್ಮ ಮಕ್ಕಳು ಮಾಡಿದ್ದು ಅದಲ್ಲ. ಅವರ ನೋಟುಬುಕ್ಕಿನಲ್ಲಿ ದೇವರಿಗೆ ಅಂಕೆಯಿಲ್ಲ. ಅಂಕೆಯಿರುವುದು ಮನುಷ್ಯರಿಗೆ, ರಾಕ್ಷಸರಿಗೆ, ಅಸ್ತ್ರಗಳಿಗೆ. ದೇವರು ಆಟದ ಹೊರಗೆ, ವರ ಮಾತ್ರ ಆಟದ ಒಳಗೆ. ಈ ವಿವೇಕ ಪರದೇಶದ ಪುಸ್ತಕಕ್ಕೆ ಇರಲಿಲ್ಲ, ಹಳ್ಳಿಯ ಮಕ್ಕಳಿಗೆ ಇತ್ತು. ಅಂದಹಾಗೆ, 1980ರ ದಶಕದಲ್ಲಿ ಅಮೆರಿಕದ ಧರ್ಮಭೀರುಗಳು ಇದೇ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂದು ಗದ್ದಲವೆಬ್ಬಿಸಿದ್ದರು. ನಮ್ಮ ಸಂಸ್ಕೃತಿಯ ಕಾವಲುಗಾರರು ಆಟವನ್ನು ಪರದೇಶದ್ದೆಂದು ತಳ್ಳಿ, ಅದಕ್ಕೆ ಹೆದರುವ ಬಗೆಯನ್ನು ಮಾತ್ರ ಅದೇ ಪರದೇಶದಿಂದ ಸಾಲ ತಂದಂತಿದೆ.

ಮೂರನೆಯ ಗುಂಪಿನವರು ಹೊಸಬರು, ಇಂಗ್ಲಿಷ್ ಬಲ್ಲವರು. ಇವರು ಆಟವನ್ನು ಮೆಚ್ಚುತ್ತಾರೆ, ಪುರಾಣವನ್ನು ಮಾತ್ರ ಹೀಗಳೆಯುತ್ತಾರೆ. 'ನಮ್ಮ ಪುರಾಣದಲ್ಲಿ ಎಲ್ಲವೂ ಪವಾಡ, ತರ್ಕವಿಲ್ಲ. ಮಾಯೆಗೆ ನಿಯಮ ಹಾಕಲು ಪಾಶ್ಚಾತ್ಯರೇ ಬರಬೇಕಾಯಿತು' ಎನ್ನುತ್ತಾರೆ. ಈ ಮೂವರಲ್ಲಿ ಹೆಚ್ಚು ಹಾನಿ ಮಾಡುವವರು ಇವರೇ ಎಂದು ನನ್ನ ಅಭಿಪ್ರಾಯ.

ಅಮೆರಿಕದ ಆಟದ ಮೊದಲ ಆವೃತ್ತಿಗಳಲ್ಲಿ ಮಂತ್ರವಾದಿಗೆ ಒಂದು ಕಟ್ಟಳೆಯಿತ್ತು: ಮಂತ್ರವನ್ನು ಒಮ್ಮೆ ಪ್ರಯೋಗಿಸಿದರೆ ಅದು ನೆನಪಿನಿಂದ ಅಳಿಸಿಹೋಗುತ್ತದೆ, ಮತ್ತೆ ಪುಸ್ತಕ ನೋಡಿ ಕಲಿಯಬೇಕು. ಜ್ಯಾಕ್ ವ್ಯಾನ್ಸ್ ಎಂಬ ಲೇಖಕನ 1950ರ ಕಥೆಗಳಿಂದ ಅದನ್ನು ಎತ್ತಿಕೊಂಡರು. ಬಹಳ ಜಾಣತನದ ಕಲ್ಪನೆಯೆಂದು ಅದನ್ನು ಹೊಗಳುತ್ತಾರೆ, ಹೊಗಳಲಿ. ಆದರೆ ಕರ್ಣನ ಕಥೆ ಏನು ಹೇಳುತ್ತದೆ? ಸುಳ್ಳು ಹೇಳಿ ಪಡೆದ ಬ್ರಹ್ಮಾಸ್ತ್ರ ಕೊನೆಗಾಲದಲ್ಲಿ ನೆನಪಿಗೆ ಬಾರದು ಎಂದು ಪರಶುರಾಮನ ಶಾಪ. ಕವಚ ಕುಂಡಲಗಳನ್ನು ಸುಲಿದುಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧಕ್ಕೆ ಇನ್ನೊಂದು ಕರಾರು: ಒಬ್ಬನ ಮೇಲೆ ಒಮ್ಮೆ, ಅಷ್ಟೆ. ಅರ್ಜುನನಿಗೆಂದು ಜೋಪಾನ ಮಾಡಿಟ್ಟದ್ದು ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚನ ಮೇಲೆ ಖರ್ಚಾಯಿತು. ಘಟೋತ್ಕಚನ ಮಾಯೆಗೂ ಕಟ್ಟಳೆಯಿದೆ. ರಾಕ್ಷಸರ ಬಲ ಇರುಳಿನಲ್ಲಿ ಹೆಚ್ಚುತ್ತದೆ.  ಅಶ್ವತ್ಥಾಮನಿಗೆ ಅಸ್ತ್ರವನ್ನು ಬಿಡಲು ಬರುತ್ತದೆ, ಹಿಂದಕ್ಕೆ ಪಡೆಯಲು ಬಾರದು; ಅರ್ಜುನನಿಗೆ ಎರಡೂ ಬರುತ್ತವೆ. ಇಬ್ಬರ ಸಂಯಮದಲ್ಲಿರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆ ಯಾವ ದೇಶದಲ್ಲಿದೆ?

ನಮ್ಮ ಪುರಾಣದಲ್ಲಿ ಬೆಲೆ ತೆರದ ಮಾಯೆಯಿಲ್ಲ. ಬೆಲೆಯಿಲ್ಲದ ಮಾಯೆಯನ್ನು ನಮಗೆ ತೋರಿಸಿಕೊಟ್ಟದ್ದು ದೂರದರ್ಶನ. 1988ರಲ್ಲಿ ಶುರುವಾದ ಹಿಂದಿ 'ಮಹಾಭಾರತ'ದಿಂದ ಈಚೆಗೆ, ಆಕಾಶದಲ್ಲಿ ಎರಡು ಬಾಣಗಳು ಎದುರುಬದುರಾಗಿ ಬಂದು ಕಿಡಿ ಹಾರಿಸುವುದೇ ಯುದ್ಧವೆಂದು ನಂಬಿ ಬೆಳೆದ ತಲೆಮಾರು, ಪುರಾಣದಲ್ಲಿ ತರ್ಕವಿಲ್ಲವೆಂದರೆ ಆಶ್ಚರ್ಯವಿಲ್ಲ. ಅವರು ನೋಡಿದ್ದು ಪಟಾಕಿಯನ್ನು, ಭಾರತವನ್ನಲ್ಲ.

ಕಾಳಗದ ನಿಯಮಕ್ಕೆ ಬರೋಣ. ಭೀಷ್ಮಪರ್ವದ ಆರಂಭದಲ್ಲಿ ಎರಡೂ ಪಕ್ಷದವರು ಕೂಡಿ ಕಟ್ಟಳೆ ಮಾಡಿಕೊಳ್ಳುತ್ತಾರೆ. ರಥಿಕನು ರಥಿಕನೊಡನೆ, ಆನೆಯವನು ಆನೆಯವನೊಡನೆ, ಕಾಲಾಳು ಕಾಲಾಳಿನೊಡನೆ ಹೋರಬೇಕು. ಬೇರೊಬ್ಬನೊಡನೆ ಹೋರುತ್ತಿರುವವನನ್ನು, ಬೆನ್ನು ತಿರುಗಿಸಿದವನನ್ನು, ಆಯುಧ ಕಳೆದುಕೊಂಡವನನ್ನು ಹೊಡೆಯಬಾರದು. ಸಾರಥಿಯ ಮೇಲೆ, ಭೇರಿ ಶಂಖ ಬಾರಿಸುವವರ ಮೇಲೆ ಕೈ ಮಾಡಬಾರದು. ಮುಂದಿನ ಹದಿನೆಂಟು ದಿನಗಳ ಕಥೆಯೆಂದರೆ ಈ ಕಟ್ಟಳೆಗಳು ಒಂದೊಂದಾಗಿ ಮುರಿದುಬೀಳುವ ಕಥೆ. ಅಭಿಮನ್ಯು ಸತ್ತಾಗ ಒಂದು, ದ್ರೋಣ ಸತ್ತಾಗ ಒಂದು, ಕರ್ಣ ಸತ್ತಾಗ ಒಂದು. ಕೊನೆಗೆ ಉಳಿದದ್ದು ಹೊಕ್ಕುಳಿನ ಕೆಳಗೆ ಗದೆ ಬೀಸಬಾರದೆಂಬ ನಿಯಮ. ಭೀಮನು ಅದನ್ನೂ ಮುರಿದನು. ನಿಯಮಗಳನ್ನು ಅರಿಯದವನಿಗೆ ಇದು ಬರಿಯ ಹೊಡೆದಾಟ. ಅರಿತವನಿಗೆ ಮಾತ್ರ ದುರಂತ. ಮಳಖೇಡದಿಂದ ಆಳಿದ ಚಾಳುಕ್ಯರ ಆಶ್ರಯದಲ್ಲಿದ್ದ ರನ್ನ ಭೀಮನನ್ನೇ ನಾಯಕನೆಂದು ಕರೆದೂ ದುರ್ಯೋಧನನಿಗೆ ಅಷ್ಟು ಘನತೆಯನ್ನು ಏಕೆ ಕೊಟ್ಟನೆಂಬ ಪ್ರಶ್ನೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಕೇಳುತ್ತೇನೆ. ಈ ವರ್ಷ ಉತ್ತರ ಹೇಳಿದವಳು ಆ ಆಟದ ಹುಡುಗಿಯರಲ್ಲಿ ಒಬ್ಬಳು: 'ಗೆದ್ದವನು ನಿಯಮ ಮುರಿದಿದ್ದರೆ ಸೋತವನಿಗೆ ಕವಿ ಏನಾದರೂ ಕೊಡಲೇಬೇಕಲ್ಲ ಸರ್.' ಹೀಗೆ ಓದುವುದನ್ನು ಅವಳಿಗೆ ಕಲಿಸಿದ್ದು ಆ ನೋಟುಬುಕ್ಕು.

ನಮ್ಮ ದೊಡ್ಡಾಟ ಇದನ್ನು ಮೊದಲಿನಿಂದ ಬಲ್ಲದು. ಕಿರೀಟ, ಭುಜಕೀರ್ತಿ ತೊಟ್ಟು ಎಂಥ ವೀರನೇ ರಂಗಕ್ಕೆ ಬರಲಿ, ಸಾರಥಿ ಅವನನ್ನು ತಡೆದು ನೀನು ಯಾರು, ಯಾವ ದೇಶದವನು, ಬಂದ ಕಾರಣವೇನು ಎಂದು ಕೇಳದೆ ಬಿಡುವುದಿಲ್ಲ. ಪಾತ್ರದ ಹಾಳೆಯೆಂದರೆ ಇದೇ ಅಲ್ಲವೆ? ಕಥೆ ನಡೆಸುವ ಭಾಗವತ, ಪಾತ್ರವಾಗುವ ಒಕ್ಕಲು ಮಕ್ಕಳು, ತಾಳಕ್ಕೆ ಕಟ್ಟುಬಿದ್ದ ಯುದ್ಧದ ಕುಣಿತ, ಎಲ್ಲವೂ ಇಲ್ಲಿದೆ. ಉತ್ಸವದ ವೇದಿಕೆಗೆಂದು ರಾತ್ರಿಯಿಡೀ ನಡೆಯುವ ಆಟವನ್ನು ಒಂದು ಗಂಟೆಗೆ ಇಳಿಸಿದ್ದನ್ನು ನಾನು ನೋಡಿದ್ದೇನೆ. ಮೊದಲು ಕತ್ತರಿ ಬಿದ್ದದ್ದು ಸಾರಥಿಯ ಪ್ರಶ್ನೆಗಳಿಗೆ. ಉಳಿದದ್ದು ಕುಣಿತ ಮತ್ತು ಹೊಗೆ. ಇದಕ್ಕೆ ಸಂಸ್ಕೃತಿ ರಕ್ಷಣೆಯೆಂದು ಹೆಸರು!

ಇನ್ನು ಆಳಂದದ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯ ಈ ಆಳಂದದವನು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿರುವ, ಸುಮಾರು 1200ರ ಶಾಸನ ಅವನ ಕಥೆ ಹೇಳುತ್ತದೆ. ಶಿರಸ್ಸನ್ನು ಕಡಿದು ಶಿವನಿಗೊಪ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸಬೇಕೆಂದು ಜೈನರೊಡನೆ ಪಂಥ. ಆ ಪಂಥವನ್ನು ಓಲೆಯ ಮೇಲೆ ಬರೆಸಿಕೊಂಡ ಮೇಲೆಯೇ ರಾಮಯ್ಯ ತಲೆ ಕಡಿದುಕೊಂಡನಂತೆ. ಏಳನೆಯ ದಿನ ತಲೆ ಮರಳಿತಂತೆ. ವ್ಯಾಜ್ಯ ಬಿಜ್ಜಳನ ಆಸ್ಥಾನಕ್ಕೆ ಹೋಗಿ ಅವನು ಜಯಪತ್ರ ಕೊಟ್ಟನಂತೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಇದು ಗೆದ್ದವರು ಬರೆಸಿದ ಶಾಸನವೆಂಬುದನ್ನೂ, ಪಣಕ್ಕೆ ಬಿದ್ದದ್ದು ಇನ್ನೊಬ್ಬರ ದೇವರೆಂಬುದನ್ನೂ ಪಂಪ, ಪೊನ್ನ, ರನ್ನರನ್ನು ಓದುವ ನಾವು ಮರೆಯಬಾರದು. ನಾನು ಬೆರಳಿಟ್ಟು ತೋರಿಸುವುದು ಒಂದನ್ನೇ: ಪವಾಡದ ಕಥೆಯಲ್ಲಿಯೂ ಮೊದಲು ಬಂದದ್ದು ಕರಾರಿನ ಓಲೆ, ಆಮೇಲೆ ಕತ್ತಿ.

ಇದೇ ನೆಲದಲ್ಲಿ, ಲಾಡ್ಲೆ ಮಶಾಯಖರ ದರ್ಗಾ ಇರುವ ಸೀಮೆಯಲ್ಲಿ, ಮೊಹರಮ್ಮಿನ ರಾತ್ರಿಗಳಲ್ಲಿ ಕನ್ನಡದಲ್ಲಿಯೇ ರಿವಾಯತ್ ಪದ ಹಾಡುವ ಮೇಳಗಳಿವೆ. ಆ ಮೇಳಗಳಲ್ಲಿ ಹಿಂದೂಗಳೂ ಇದ್ದಾರೆ. 680ರ ಕರ್ಬಲಾದಲ್ಲಿ ನೀರನ್ನು ತಡೆದರು, ಕೂಸಿಗೂ ಗುಟುಕು ಸಿಗಲಿಲ್ಲ ಎಂಬಲ್ಲಿಗೆ ಬಂದಾಗ ಕೇಳುವವರ ಕಣ್ಣು ತುಂಬುತ್ತದೆ. ಹೊಡೆದದ್ದಕ್ಕಿಂತ ಹೊಡೆದ ರೀತಿಗೆ ಜನ ಅಳುತ್ತಾರೆ. ಯುದ್ಧಕ್ಕೂ ಮೇರೆಯಿದೆಯೆಂಬುದು ಒಂದು ಮತದ ಸೊತ್ತಲ್ಲ. ಈ ಸೀಮೆಯ ಜನದ ಮನಸ್ಸಿನಲ್ಲಿ ಊರಿದ ನಂಬಿಕೆ.

'ಇಷ್ಟೆಲ್ಲ ಒಂದು ಆಟಕ್ಕಾಗಿಯೆ?' ಎಂದು ಕೇಳುವವರಿಗೆ ಕೊನೆಯ ಮಾತು. ಸಭಾಪರ್ವದಲ್ಲಿ ದ್ರೌಪದಿ ಕೇಳಿದ್ದು ಕರುಣೆಯನ್ನಲ್ಲ, ನಿಯಮವನ್ನು: 'ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕಿತ್ತೆ?' ಭೀಷ್ಮನು ಧರ್ಮ ಸೂಕ್ಷ್ಮವೆಂದು ಜಾರಿಕೊಂಡನು. ಅವಳ ಪರವಾಗಿ ನ್ಯಾಯ ಹೇಳಿದವನು ಕಿರಿಯನಾದ ವಿಕರ್ಣ. ಬಲವಿದ್ದವನಿಗೆ ನಿಯಮ ಬೇಕಿಲ್ಲ. ಆ ಸಭೆಯಲ್ಲಿ ಅತ್ಯಂತ ನಿರ್ಬಲಳಾದವಳಿಗೇ ಬೇಕಾಗಿತ್ತು. ನಮ್ಮ ಈ ಮೂರು ತಾಲೂಕುಗಳ ಮಕ್ಕಳಿಗೂ ಬೇಕು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371 ಜೆ ವಿಧಿ ಬಂತು. ಶಿಕ್ಷಣದಲ್ಲಿ, ನೌಕರಿಯಲ್ಲಿ ಈ ಸೀಮೆಯವರಿಗೆ ಪಾಲು ದೊರಕುವಂತಾಯಿತು. ಆದರೆ ಕಚೇರಿಯ ಕಿಟಕಿಯ ಮುಂದೆ ನಿಂತು 'ನಿಯಮ ತೋರಿಸಿರಿ, ನಾನೂ ಓದುತ್ತೇನೆ' ಎನ್ನುವ ಎದೆಗಾರಿಕೆ ವಿಧಿಯ ಜೊತೆಗೆ ಬರುವುದಿಲ್ಲ. ಅದು ಎಲ್ಲಿಯೋ ಅಭ್ಯಾಸವಾಗಬೇಕು. ನಿಯಮ ಓದುವುದು, ಅದರ ಅರ್ಥಕ್ಕಾಗಿ ಗೆಳೆಯರೊಡನೆ ಜಗಳಾಡುವುದು, ತನಗೆ ವಿರುದ್ಧವಾಗಿ ಬಿದ್ದ ದಾಳವನ್ನೂ ಒಪ್ಪಿಕೊಳ್ಳುವುದು, ಯಾರಾದರೂ ಮೋಸ ಮಾಡಿದರೆ 'ತಡೆಯಿರಿ' ಎನ್ನುವುದು, ಇವೆಲ್ಲ ಅಭ್ಯಾಸವಾಗುವ ಜಾಗವನ್ನು ನಾವು ಜೂಜುಕಟ್ಟೆಯೆಂದು ಕರೆಯುತ್ತಿದ್ದೇವೆ.

ಆದ್ದರಿಂದ ಸಂಸ್ಕೃತಿಯ ಹೆಸರಿನಲ್ಲಿ ಕೋಲು ಹಿಡಿದವರಲ್ಲಿ ನನ್ನದೊಂದು ಪಂಥವಿದೆ. ಅದನ್ನು ಓಲೆಯ ಮೇಲೆ ಬರೆದುಕೊಡಲೂ ಸಿದ್ಧ. ಭೀಷ್ಮಪರ್ವದ ಯುದ್ಧನಿಯಮಗಳಲ್ಲಿ ಐದನ್ನು ಪುಸ್ತಕ ನೋಡದೆ ಹೇಳಿರಿ. ಹೇಳಿದರೆ ಮಕ್ಕಳ ಆಟವನ್ನು ಕುರಿತು ತೀರ್ಪು ಕೊಡುವ ಅಧಿಕಾರ ನಿಮಗಿದೆ. ಹೇಳಲಾಗದಿದ್ದರೆ ಕೋಲನ್ನು ಮೂಲೆಗಿಟ್ಟು, ಆ ಮಕ್ಕಳ ಪಕ್ಕದಲ್ಲಿ ಕೂತು ಕಲಿಯಿರಿ. ಅವರು ಐದಲ್ಲ, ಅಷ್ಟನ್ನೂ ಬಲ್ಲರು.